ತಲೆ ಅಲ್ಲಾಡಿಸದ ಜಲಜಾಕ್ಷಿ

ಕುಂಬಳೆ ಕಡಲ ಕರೆಯ ಜಲಜಾಕ್ಷಿಯ ತಲೆ ಇಪ್ಪತ್ತೆರಡು ವರ್ಷ ಅಲ್ಲಾಡಿರಲಿಲ್ಲ. ಅಷ್ಟರಲ್ಲಿ ಲೋಕದಲ್ಲಿ ಸಿಂಹಾಸನಗಳು ಅಲ್ಲಾಡಿದವು, ಸಾಮ್ರಾಜ್ಯಗಳು ಅಲ್ಲಾಡಿದವು, ರೈಲು ಬಂದಾಗಲೆಲ್ಲ ಸ್ಟೇಷನ್ನಿನ ಬೆಂಚೂ ಅಲ್ಲಾಡುತ್ತಿತ್ತು. ಸಿಂಬೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಆ ತಲೆ ಮಾತ್ರ ಸ್ಥಿರವಾಗಿತ್ತು. ಬುಟ್ಟಿಗೆ ಕೈ ಹಚ್ಚುವುದು ಅವಳ ಪಾಲಿಗೆ ಮಾನ ಹೋಗುವ ಕೆಲಸ. ಎರಡೂ ಕೈ ಬೀಸಿಕೊಂಡು, ಎಲೆಯಡಿಕೆ ಜಗಿಯುತ್ತ, ಒಂಟಿ ತೆಂಗಿನ ಕಾಂಡದ ಸಂಕದ ಮೇಲೆ ಹರಿಯುವ ತೋಡು ದಾಟಿ, ಆಚೆಯ ಹದಿನೆಂಟು ಮನೆಗಳಿಗೆ ಬೂತಾಯಿ, ಬಂಗುಡೆ ಮಾರಿ ಬರುವಳು. ಹೌದು ಎನ್ನಲು ಕಣ್ಣು ಮುಚ್ಚಿ ತೆರೆಯುವಳು, ಅಲ್ಲ ಎನ್ನಲು ಹುಬ್ಬು ಏರಿಸುವಳು. ಬುಟ್ಟಿ ಇಳಿಸಿದ ಮೇಲೂ ಅದೇ ಅಭ್ಯಾಸ.

ಎರಡನೆಯ ಮಹಾಯುದ್ಧ ಮುಗಿದ ಐದನೆಯ ಬೇಸಗೆಯಲ್ಲಿ ಅವಳಿಗೊಂದು ಜ್ವರ ಬಂತು. ಹೋಗುವಾಗ ಅದು ಕಾಲ ಕೆಳಗಿನ ನೆಲವನ್ನೂ ಕರೆದುಕೊಂಡು ಹೋಯಿತು. ಚಾಪೆಯಿಂದ ಏಳಹೊರಟರೆ ತಲೆಯ ಮೇಲೆ ಮನೆಯ ಮಾಡು ಗಾಣದಂತೆ ತಿರುಗಿತು. ಹತ್ತು ದಿನ ಬಿಟ್ಟು ಹಟದಿಂದ ಬುಟ್ಟಿ ಹೊತ್ತಳು. ಸ್ಟೇಷನ್ನಿನ ಎದುರು ಯಾರೋ ಹಿಂದಿನಿಂದ ಕರೆದರು, ಇವಳು ತಿರುಗಿದಳು, ಬುಟ್ಟಿ ಉರುಳಿತು. ಅಂದು ಕುಂಬಳೆಯ ಕಾಗೆಗಳಿಗೆ ಆದಂಥ ಸಂತರ್ಪಣೆ ಮತ್ತೆ ಆಗಲಿಲ್ಲ.

ಪಂಡಿತರು ಪಿತ್ತವೆಂದು ಎಣ್ಣೆ ಕೊಟ್ಟರು. ಇನ್ನೊಬ್ಬರು ನೂಲು ಮಂತ್ರಿಸಿ ಕಟ್ಟಿದರು. ಎರಡರಿಂದಲೂ ಲೋಕ ತಿರುಗುವುದು ನಿಲ್ಲಲಿಲ್ಲ. ಆಗ ಜಲಜಾಕ್ಷಿ ತನ್ನ ಕಸುಬಿನ ಬುದ್ಧಿಯನ್ನೇ ನೆಚ್ಚಿದಳು: ತಲೆಯನ್ನು ಇನ್ನಷ್ಟು ಅಲುಗದಂತೆ ಹಿಡಿದಳು. ಗೋಡೆಗೆ ಒರಗಿ ಕೂತೇ ನಿದ್ರೆ ಮಾಡಿದಳು. ಪಕ್ಕಕ್ಕೆ ನೋಡಬೇಕಾದರೆ ಎತ್ತಿನ ಗಾಡಿ ತಿರುಗಿದಂತೆ ಇಡೀ ಮೈಯನ್ನೇ ತಿರುಗಿಸಿದಳು. ಬಿಗಿ ಹಿಡಿದಷ್ಟೂ ತಲೆಸುತ್ತು ಬಲಿಯಿತು.

ಇದರಿಂದ ಸಂತೋಷಪಟ್ಟವಳು ಒಬ್ಬಳಿದ್ದಳು, ನಾದಿನಿ ಪುಷ್ಪಾವತಿ. ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿಯುವ ಮೊದಲ ದಿನ ಯಾವ ಹೆಂಗಸು ಬುಟ್ಟಿ ಹೊತ್ತು ತನ್ನ ಮನೆಗಳನ್ನು ಮುಟ್ಟುವುದಿಲ್ಲವೋ, ಅವಳ ಮನೆಗಳು ಬೇರೆಯವಳ ಪಾಲು. ಇದು ಕರೆಯ ಕಟ್ಟಳೆ. ಪುಷ್ಪಾವತಿ ಆಗಲೇ ಹೊಸ ಬುಟ್ಟಿ ಹೆಣೆಸಿದ್ದಳು.

"ಅತ್ತಿಗೆ, ಇನ್ನು ನೀವು ಕೂತು ಉಣ್ಣಿ. ಹದಿನೆಂಟು ಮನೆ ನಾನು ನೋಡಿಕೊಳ್ತೇನೆ."

"ಬುಟ್ಟಿ ಚಂದ ಉಂಟು," ಎಂದಳು ಜಲಜಾಕ್ಷಿ. "ಕೋಳಿ ಮುಚ್ಚಲಿಕ್ಕೆ ಆಗ್ತದೆ."

ಬಾಯಿ ಹಾಗೆ ಹೇಳಿದರೂ ಎದೆ ಹೇಳಲಿಲ್ಲ. ಗಂಡ ತೀರಿದ ಮೇಲೆ ಆ ಹದಿನೆಂಟು ಮನೆಗಳೇ ಅವಳ ಅನ್ನ.

ಮಳೆ ಸುರಿಯುವ ಆಟಿ ತಿಂಗಳ ಒಂದು ದಿನ ಅವಳು ಮುರಿದ ಕೊಡೆ ಹಿಡಿದು, ಗೋಡೆ ತಡವಿಕೊಂಡು, ಅಬ್ದುಲ್ ರಹಿಮಾನನ ಅಂಗಡಿಗೆ ಬಂದಳು. ಕೊಡೆ ರಿಪೇರಿಯ ಈ ಬ್ಯಾರಿ ಯುದ್ಧಕಾಲದಲ್ಲಿ ದೂರದೊಂದು ಮಿಲಿಟರಿ ಆಸ್ಪತ್ರೆಯಲ್ಲಿ ವಾರ್ಡಿನ ಚಾಕರಿ ಮಾಡಿ ಬಂದವನು. ಹಿಮ ಕಂಡೆನೆಂದು ಒಮ್ಮೆ ಹೇಳಿದ್ದರಿಂದ ಊರು ಅವನ ಉಳಿದ ಮಾತನ್ನೂ ನಂಬುತ್ತಿರಲಿಲ್ಲ.

"ಕುತ್ತಿಗೆಗೆ ಎಂತ ಹಲಗೆ ಕಟ್ಟಿದ್ದೀರಾ ಜಲಜಕ್ಕ?"

"ಅಲುಗಿದರೆ ಭೂಮಿ ತಿರುಗ್ತದೆ ಬ್ಯಾರಿಗಳೇ."

"ತಿರುಗಲಿ. ನಾವೇ ತಿರುಗಿಸಬೇಕು. ಅದೇ ಮದ್ದು."

"ನಿಮಗೂ ಜ್ವರ ಉಂಟಾ?"

"ಕೇಳಿ ಮಾರಾಯ್ತಿ. ತಲೆಗೆ ಪೆಟ್ಟು ಬಿದ್ದ ಸಿಪಾಯಿಗಳನ್ನು ಡಾಕ್ಟರು ಸಾಲಾಗಿ ಕೂರಿಸಿ ತಲೆ ಆಡಿಸಲಿಕ್ಕೆ ಹೇಳುವುದು. ಕಿವಿಯ ಒಳಗೆ ಒಂದು ತಕ್ಕಡಿ ಉಂಟಂತೆ. ನಿಮ್ಮದು ಒಂದು ತಟ್ಟೆ ಕೆಟ್ಟಿರಬೇಕು. ತಲೆ ಆಡಿಸಿ ಆಡಿಸಿಯೇ ಮಿದುಳು ಹೊಸ ತೂಕ ಕಲಿಯಬೇಕು. ಸುಮ್ಮನೆ ಕೂತರೆ ಅದೂ ಸುಮ್ಮನೆ ಕೂತುಕೊಳ್ತದೆ."

ಮರುದಿನದಿಂದ ಮಹಾಯುದ್ಧ ಶುರುವಾಯಿತು. ಅಂಗಡಿಯ ಜಗಲಿಯೇ ರಣರಂಗ. ಮೊದಲು ಕಣ್ಣು ಮಾತ್ರ ಮೇಲೆ ಕೆಳಗೆ. ಆಮೇಲೆ ತಲೆ ಎಡಕ್ಕೆ ಬಲಕ್ಕೆ, ಮೊದಲು ನಿಧಾನವಾಗಿ, ನಾಲ್ಕು ದಿನದ ಮೇಲೆ ಜೋರಾಗಿ. ಇಪ್ಪತ್ತೆರಡು ವರ್ಷದ ಬಿಗುವು ಸಡಿಲುವಾಗ ಕುತ್ತಿಗೆ ಹಳೆಯ ಬಾಗಿಲಿನಂತೆ ಕಿರುಗುಟ್ಟಿತು. ಓಕರಿಕೆ ಬಂದರೆ ರಹಿಮಾನ್ ಬಕೇಟು ಮುಂದಿಡುವನು. "ಬಂತಾ? ಒಳ್ಳೆಯದು. ಸ್ವಲ್ಪ ಸುಧಾರಿಸಿಕೊಂಡು ಪುನಃ."

ಒಂದು ದಿನ ಶಾಲೆಯ ತಿರುಮಲೇಶ್ವರ ಮಾಸ್ಟ್ರು ಕಡ್ಡಿ ಮುರಿದ ಕೊಡೆ ತಂದು, "ಇದು ಸರಿಯಾಗ್ತದಾ?" ಎಂದು ಕೇಳಿದರು. ಜಗಲಿಯಲ್ಲಿದ್ದ ಜಲಜಾಕ್ಷಿ ಗಂಭೀರವಾಗಿ ತಲೆಯನ್ನು ಅತ್ತ ಇತ್ತ ಆಡಿಸಿದಳು. ಎಂದೂ ತಲೆ ಆಡಿಸದವಳೇ ಇಲ್ಲವೆಂದ ಮೇಲೆ ಕೇಳುವುದೇನೆಂದು ಮಾಸ್ಟ್ರು ಮಳೆಯಲ್ಲಿ ನೆನೆಯುತ್ತ ಹೊರಟುಹೋದರು. ಹಾಗೆ ಮೂರು ಗಿರಾಕಿಗಳು ಹೋದ ಮೇಲೆ ರಹಿಮಾನ್ ಚಿಕಿತ್ಸೆಯ ಕ್ರಮ ಬದಲಿಸಿದ: ಅಂಗಡಿ ತೆರೆದಿರುವಷ್ಟು ಹೊತ್ತು ತಲೆ ಮೇಲೆ ಕೆಳಗೆ ಮಾತ್ರ. ಆ ವಾರ ಸರಿಯಾಗಲಾರದ ಕೊಡೆಗಳೂ ರಿಪೇರಿಗೆ ಬಂದು ಬಿದ್ದವು.

ಬಳಿಕ ಕೊಡೆಬಟ್ಟೆಯ ಚೆಂಡನ್ನು ಕೈಯಿಂದ ಕೈಗೆ ಎಸೆದು ಕಣ್ಣಿನಿಂದ ಹಿಂಬಾಲಿಸುವುದು, ಬಗ್ಗಿ ಹೆಕ್ಕುವುದು, ನಿಂತಲ್ಲೇ ಸುತ್ತುವುದು, ಕಣ್ಣು ಮುಚ್ಚಿ ನಡೆಯುವುದು. ಆಟಿ ಕಳೆದು ಸೋಣ ತಿಂಗಳು ಬರುವಷ್ಟರಲ್ಲಿ ಮನೆಯ ಮಾಡು ತನ್ನ ಜಾಗದಲ್ಲಿ ನಿಲ್ಲಲು ಒಪ್ಪಿತ್ತು. ಆದರೆ ಸಂಕ ಸಂಕವೇ. ಅದರ ಕೆಳಗೆ ನೀರು ಓಡುತ್ತದೆ.

ದೋಣಿ ಇಳಿದ ದಿನ ಜಲಜಾಕ್ಷಿ ತುಂಬಿದ ಬುಟ್ಟಿ ಹೊತ್ತು ತೋಡಿನ ದಡಕ್ಕೆ ಬಂದಳು. ಅತ್ತಿಗೆ ಬಿದ್ದರೆ ಮುಂದಕ್ಕೆ ತಾನೇ ಹೋಗಬಹುದೆಂದು ಪುಷ್ಪಾವತಿ ಅರ್ಧ ಬುಟ್ಟಿ ಬಂಗುಡೆ ಹೊತ್ತು ಹಿಂದೆಯೇ ಬಂದಳು. ಜಲಜಾಕ್ಷಿ ಆಚೆ ದಡದ ಹಲಸಿನ ಮರದಲ್ಲಿ ಕಣ್ಣು ನೆಟ್ಟು ನಡೆದಳು. ಮುಕ್ಕಾಲು ಸಂಕ ದಾಟಿದಾಗ ಹಿಂದಿನಿಂದ ಸಣ್ಣ ಸ್ವರ ಕೇಳಿತು.

"ಅತ್ತಿಗೆ, ತೋಡು ನಿಂತಿದೆ. ನಾನು ಹೋಗ್ತಾ ಇದ್ದೇನೆ."

ಪುಷ್ಪಾವತಿ ನೀರು ನೋಡಿದ್ದಳು. ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ನಡುಸಂಕದಲ್ಲಿ ನೆಟ್ಟ ಕಂಬವಾಗಿದ್ದಳು.

ಮುಂದೆ ಐದು ಹೆಜ್ಜೆಗೆ ದಡ, ಹದಿನೆಂಟು ಮನೆ. ಹಿಂದೆ ನಾದಿನಿ. ಜಲಜಾಕ್ಷಿ ಬಯ್ದಳು. ಬಯ್ಯುತ್ತಲೇ ಹಿಮ್ಮಡಿ ಊರಿ ತಿರುಗಿದಳು. ಲೋಕ ಅವಳಿಗಿಂತ ಅರ್ಧ ಸುತ್ತು ಹೆಚ್ಚು ತಿರುಗಿತು. ಪುಷ್ಪಾವತಿಯ ಹಣೆಯ ಬೊಟ್ಟಿನಲ್ಲಿ ಕಣ್ಣು ನೆಟ್ಟು ಕಾದಳು. ಲೋಕ ಹಿಂದಕ್ಕೆ ಬಂತು.

"ನೀರು ನೋಡಬೇಡ. ನನ್ನ ಮೂಗು ನೋಡು. ಇಷ್ಟು ವರ್ಷ ಅದನ್ನೇ ಆಡಿಕೊಂಡಿದ್ದಿಯಲ್ಲ, ಈಗ ಸರಿಯಾಗಿ ನೋಡು."

ಅವಳ ಬಳಿಗೆ ಹೋಗಿ ಸೆರಗು ಕೊಟ್ಟು ಮತ್ತೊಮ್ಮೆ ತಿರುಗಿದಳು. ಈ ಸಲ ತೋಡು ಅವಳಿಗಿಂತ ಮೊದಲೇ ನಿಂತುಕೊಂಡಿತ್ತು. ಇಬ್ಬರೂ ದಡ ಸೇರಿದರು. ಎರಡು ಬುಟ್ಟಿಗಳೂ ಸೇರಿದವು.

ಪುಷ್ಪಾವತಿ ಹುಲ್ಲಿನ ಮೇಲೆ ಕುಸಿದಳು. "ನನಗೆ ನಿಮ್ಮ ಮನೆ ಬೇಡ ಅತ್ತಿಗೆ. ಈ ಮೀನು ಎಂತ ಮಾಡುವುದು?"

ಜಲಜಾಕ್ಷಿ ಗುಡ್ಡೆಯ ಕಡೆ ನೋಡಿದಳು. "ಗುಡ್ಡೆಯ ಮೇಲಿನ ಎರಡು ಮನೆ ಇವತ್ತಿಂದ ನಿನಗೆ."

ಒಂದು ಮನೆಯ ದಮಯಂತಿಯಮ್ಮ ಪ್ರತಿ ಮೀನಿನ ಕಿವಿರು ಎತ್ತಿ ವಿಚಾರಣೆ ನಡೆಸಿ ಕೊನೆಗೆ ನಾಲ್ಕು ಬೂತಾಯಿ ಕೊಳ್ಳುವವರು. ಇನ್ನೊಂದು ಮನೆಯ ನಾಯಿಗೆ ಮೀನಿನವರೆಂದರೆ ಹಳೆಯ ವೈರ. ಪುಷ್ಪಾವತಿ ಕೃತಜ್ಞತೆಯಿಂದ ಗುಡ್ಡೆ ಹತ್ತಿದಳು. ಆ ಕೃತಜ್ಞತೆ ಮಧ್ಯಾಹ್ನದವರೆಗೆ ಉಳಿದಿತ್ತು.