ಕ್ಯಾಸೆಟ್ ನಿಲ್ಲುವ ಜಾಗ

ನಮ್ಮ ಭಾವ ನರಸಿಂಹಾಚಾರ್ಯರು ಮಕ್ತಲ್‌ನ ಮಠದಲ್ಲಿ ಪೂಜೆ ಮಾಡುವವರು. ಜುರಾಲದ ಅಣೆಕಟ್ಟಿನ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಟೇಪ್‌ರೆಕಾರ್ಡರನ್ನೂ ಅದರ ಜೊತೆ ಒಂದೇ ಒಂದು ಕ್ಯಾಸೆಟ್ಟನ್ನೂ ಇವರ ಕೈಗೆ ಕೊಟ್ಟು ಹೋಗಿದ್ದರು. ಅದರಲ್ಲಿದ್ದದ್ದು ದೇವರನಾಮವಲ್ಲ, ಯುರೋಪಿನವರು ಯಾರೋ ನೂರೈವತ್ತು ವರ್ಷದ ಹಿಂದೆ ಬರೆದ ಸಿಂಫನಿ. ಎಂಬತ್ತು ತೊಂಬತ್ತು ಜನ ಒಟ್ಟಿಗೆ ಕೂತು ಬಾರಿಸುತ್ತಾರೆ, ಒಬ್ಬರೂ ಬಾಯಿ ಬಿಟ್ಟು ಹಾಡುವುದಿಲ್ಲ. ನಡುವೆ ಒಂದು ಕಡೆ ಕೊಂಬಿನಂಥ ವಾದ್ಯವೊಂದು ಒಂಟಿಯಾಗಿ ಅಳುತ್ತದೆ. ಅದನ್ನು ಕೇಳಿ ಭಾವ ಕೆಟ್ಟುಹೋದರು!

ಮುಂಜಾನೆ ಮಡಿ ಪಂಚೆ ಉಟ್ಟು ನೈವೇದ್ಯಕ್ಕೆ ಅನ್ನ ಇಡುವಾಗಲೇ ಅವರು ಅದನ್ನು ಕೇಳಬೇಕು. ಮಡಿಯಲ್ಲಿದ್ದವರು ಟೇಪ್ ಮುಟ್ಟುವ ಹಾಗಿಲ್ಲ. ಆ ಹಾಳು ಕ್ಯಾಸೆಟ್ಟಿನ ಮೊದಲ ಬದಿಯೋ, ಸರಿಯಾಗಿ ಕೊಂಬು ಅಳುವಾಗಲೇ ಮುಗಿದು ಟಕ್ ಅನ್ನುತ್ತಿತ್ತು. ಅಡುಗೆಮನೆಯಿಂದ ಭಾವ, "ಸರಸ್ವತೀ, ತಿರುವಿ ಹಾಕು!" ಎಂದು ಕೂಗುವುದು. ಅಂಗಳದಿಂದ ನಮ್ಮಕ್ಕ ಸರಸ್ವತಿಬಾಯಿ, "ಬಂದೆ, ತಡೀರಿ!" ಅನ್ನುವುದು. ರಂಗೋಲಿಯ ಕೈ ಸೆರಗಿಗೆ ಒರೆಸಿಕೊಂಡು ಬಂದು ಕ್ಯಾಸೆಟ್ ತಿರುವಿ, "ಯಾರು ಸತ್ತಾರಂತ ಇಷ್ಟು ಅಳ್ತಾವೋ ಏನೋ" ಎಂದು ಗೊಣಗುವುದು. ನಾನು ಕೃಷ್ಣಾ, ಅವಳ ತಂಗಿ. ಗದ್ವಾಲದಿಂದ ಬಂದಾಗಲೆಲ್ಲ ಇದೇ ನಾಟಕ ನೋಡಿ ನಗುತ್ತಿದ್ದೆ.

ಹೋದ ವರ್ಷ ಅವರ ಮಗಳು ಅಕ್ಷಯಾ ರಾಯಚೂರಿನಿಂದ ಹೊಸ ಫೋನ್ ತಂದುಕೊಟ್ಟಳು. ಅದೇ ಸಿಂಫನಿ, ಬೇರೆ ಬೇರೆ ದೇಶದ ತಂಡಗಳು ಬಾರಿಸಿದ್ದು. ತಿರುವುವ ಕಾಟವಿಲ್ಲ. ಟೇಪ್ ಅಟ್ಟ ಸೇರಿತು. ಭಾವನಿಗೆ ಈಗ ಹೋಲಿಸಿ ನೋಡುವುದೇ ಕೆಲಸ. ಒಂದು ತಂಡದವರು ರಾಯಚೂರು ಬಸ್ಸು ತಪ್ಪುತ್ತದೆ ಎಂಬಂತೆ ಓಡುತ್ತಾರಂತೆ. ಇನ್ನೊಂದರಲ್ಲಿ ಪಿಟೀಲಿನ ಗದ್ದಲಕ್ಕೆ ಕೊಂಬು ಕೇಳುವುದೇ ಇಲ್ಲವಂತೆ. ಮತ್ತೊಂದು, ಪಾಯಸಕ್ಕೆ ಎರಡು ಸಲ ಬೆಲ್ಲ ಹಾಕಿದ ಹಾಗೆ. "ನನಗ ಎಲ್ಲಾನೂ ಒಂದೇ ಅಳು," ಎಂದು ಅಕ್ಕ ಎದ್ದು ಹೋಗುತ್ತಿದ್ದಳು.

ದೀಪಾವಳಿಯ ಮುಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಅವತ್ತು ಓಡಿಬಂದವಳು ನಾನು ಇನ್ನೂ ಇಲ್ಲೇ ಇದ್ದೇನೆ. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಮಹೇಂದರ್, "ಅಮ್ಮಾರಿಗೆ ಎಲ್ಲಾ ತಿಳೀತೈತ್ರಿ. ಗುರುತಿನ ದನಿ ಕೇಳಸ್ತಾ ಇರ್ರಿ. ಮತ್ತ ಮಾತಾಡಾಕ ಅದೇ ದಾರಿ," ಎಂದ.

ಭಾವನಿಗೆ ಅಷ್ಟು ಸಾಕಾಯಿತು. ಫೋನನ್ನು ಅಕ್ಕನ ದಿಂಬಿನ ಪಕ್ಕ ಇಟ್ಟರು. ಇವತ್ತು ಓಡುವವರದ್ದು, ನಾಳೆ ಬೆಲ್ಲದ್ದು. ಕೊಂಬು ಬರುವ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಅವಳ ಮುಖವನ್ನೇ ನೋಡುತ್ತಾ ನಿಲ್ಲುವರು. ಅವಳು ತೊಲೆ ನೋಡುತ್ತಾ ಮಲಗಿರುವಳು.

ನನಗೆ ಮೈಯೆಲ್ಲ ಉರಿಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! "ಭಾವಾ, ಆಕಿಗೆ ಅದು ಎಂದೂ ಸೇರಿದ್ದಿಲ್ಲ. ನಿಮ್ಮ ಚಟಕ್ಕ ಆಕೀನ್ನ ಯಾಕ ಗೋಳು ಹೊಯ್ಕೋತೀರಿ?"

"ಯಾವುದಾದರೂ ಒಂದು ತಾಗತದ ಕೃಷ್ಣಾ. ಸರಿಯಾದದ್ದು ಇನ್ನೂ ಸಿಕ್ಕಿಲ್ಲ ಅಷ್ಟೇ," ಅಂದರು. ಆದರೂ ನಾನು ಸುಮ್ಮನಾಗಲಿಲ್ಲ, ಇನ್ನೂ ನಾಲ್ಕು ಮಾತು ಆಡಿದೆ.

ಒಂದು ಮುಂಜಾನೆ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಮಡಿಯಲ್ಲಿದ್ದ ಭಾವ ಒಲೆಯ ಮುಂದೆ ಚಡಪಡಿಸತೊಡಗಿದರು. ಇವರ ಕಾಟ ತಪ್ಪಲಿ ಎಂದು ನಾನೇ ಅಟ್ಟ ಹತ್ತಿ ಹಳೆಯ ಟೇಪ್ ಇಳಿಸಿ, ಧೂಳು ಕೊಡವಿ ಹಚ್ಚಿದೆ. ಕೊಂಬು ಅಳತೊಡಗಿತು. ಟಕ್ ಎಂದು ನಿಂತಿತು.

"ಸರಸ್ವತೀ, ತಿರುವಿ ಹಾಕು!"

ರೂಢಿಯಲ್ಲಿ ಬಂದುಬಿಟ್ಟ ಮಾತು. ಕೂಗಿದ ಮೇಲೆ ಅವರಿಗೇ ನೆನಪಾಗಿರಬೇಕು, ಅಡುಗೆಮನೆಯಲ್ಲಿ ಸೌಟಿನ ಸದ್ದೂ ನಿಂತಿತು. ಆಗ ನನ್ನ ಬೆನ್ನ ಹಿಂದೆ, ಹಾಸಿಗೆಯಿಂದ, ತೊದಲು ದನಿ: "ಬಂ... ಬಂದೆ. ತಡೀರಿ."

ತಿರುಗಿ ನೋಡಿದರೆ ಅಕ್ಕ ಎಡಗೈ ಊರಿ ಏಳಲು ಹೆಣಗುತ್ತಿದ್ದಳು. ಭಾವ ಓಡಿಬಂದರು. "ಭಾವಾ, ಮಡೀ!" ಎಂದು ಚೀರಿಬಿಟ್ಟೆ. ಸುಡಲಿ ನನ್ನ ನಾಲಿಗೆ! ಅವರು ಆ ಮೈಲಿಗೆಯ ಹಾಸಿಗೆಯ ಮೇಲೆಯೇ ಕೂತು, ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಒಳಗೆ ನೈವೇದ್ಯದ ಅನ್ನ ತಳ ಹಿಡಿಯಿತು. ಮತ್ತೆ ಸ್ನಾನ ಮಾಡಿ, ಮತ್ತೆ ಅನ್ನಕ್ಕಿಟ್ಟರು.

ಇನ್ನೇನು, ಮಾತು ಬಂದೇಬಿಟ್ಟಿತು ಅಂದುಕೊಂಡೆವು. ಬರಲಿಲ್ಲ. ಅಕ್ಷಯಾ ಬಂದು, "ಅಮ್ಮಾ, ನನ್ನ ಹೆಸರು ಹೇಳು," ಎಂದು ಎಷ್ಟು ಗೋಗರೆದರೂ ತುಟಿ ಅಲುಗಲಿಲ್ಲ. ಅವಳಿಗೆ ಉಳಿದಿರುವುದು ಅದೊಂದೇ ಮಾತು. ಅದೂ ಕ್ಯಾಸೆಟ್ ನಿಂತು ಭಾವ ಕೂಗಿದಾಗ ಮಾತ್ರ.

ಫೋನಿನಲ್ಲಿದ್ದ ಸಿಂಫನಿಗಳನ್ನು ಭಾವ ಅಳಿಸಿಹಾಕಿಸಿದರು. "ಎಲ್ಲಾರೂ ಚಲೋ ಬಾರಸ್ತಾರ ಕೃಷ್ಣಾ. ಆದರ ಯಾರೂ ಅಲ್ಲಿ ನಿಲ್ಲಂಗಿಲ್ಲ. ನಿಂತರ ಅಲ್ಲೇನು ಇಕಿ ಬಂದೆ ಅನ್ನೋದು?" ಅಂದರು. ಟೇಪ್ ಸವೆದಿದೆ, ಕೊಂಬಿನ ದನಿ ಆಗಲೇ ಒಡೆಯುತ್ತಿದೆ. ಅದು ಹರಿದ ದಿನ ಏನು ಗತಿ?

ಈಗ ಆ ಕ್ಯಾಸೆಟ್ಟಿನ ಎರಡನೇ ಬದಿಯನ್ನು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮುಂಜಾನೆ ಟಕ್ ಎನ್ನುತ್ತದೆ. ಭಾವ ಕೂಗುತ್ತಾರೆ. "ಬಂದೆ, ತಡೀರಿ," ಅನ್ನುತ್ತಾಳೆ ಅಕ್ಕ. ತಿರುವಲು ನಾನು ಎದ್ದರೆ, ಭಾವ ಬೇಡ ಎಂದು ಕೈ ಮಾಡುತ್ತಾರೆ. ಮಡಿ ಪಂಚೆಯಲ್ಲಿ ಹೊಸ್ತಿಲ ಮೇಲೆ ನಿಂತು, ಅವಳು ಹೇಳಿದ ಹಾಗೆ ತಡೆಯುತ್ತಾರೆ.