ಎಡಗೈಯ ಪ್ರಶ್ನೆ

ಆ ವರ್ಷವಿಡೀ ನನ್ನ ಚೀಲದಲ್ಲಿ ಒಂದೇ ಪ್ರಶ್ನಾವಳಿ ಇರುತ್ತಿತ್ತು. ಹೆರಿಗೆಯ ಹೊತ್ತಿನಲ್ಲಿ ಕತ್ತಿನ ನರಕ್ಕೆ ಪೆಟ್ಟಾಗಿ ತೋಳು ಸೋತ ಮಕ್ಕಳಿಗೆಂದು ಹೊರದೇಶದವರು ಇಂಗ್ಲಿಷಿನಲ್ಲಿ ಬರೆದದ್ದು. ನಾನು ಫಿಜಿಯೋಥೆರಪಿಸ್ಟ್. ಅದನ್ನು ಕನ್ನಡಕ್ಕೆ ತಂದು, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಓದಿ, ಮಕ್ಕಳಿಗೂ ತಾಯಂದಿರಿಗೂ ಏನು ಅರ್ಥವಾಯಿತೆಂದು ಬರೆದುಕೊಳ್ಳಬೇಕಿತ್ತು. ಅದೂ ಭಾನುವಾರಗಳಲ್ಲಿ. ಮಿಕ್ಕ ದಿನ ಅವರಿಗೆ ಸ್ಕೂಲು, ಗದ್ದೆ; ನನಗೆ ಆಸ್ಪತ್ರೆ.

ಮೊದಮೊದಲು ಹುರುಪಿತ್ತು. ಆಮೇಲೆ ಒಂದೊಂದು ಪದವೂ ಸುಸ್ತು ಮಾಡತೊಡಗಿತು. ‘ಸ್ಪರ್ಶಜ್ಞಾನ ಕಡಿಮೆ ಇದೆಯೇ’ ಎಂದು ಓದಿದಾಗ ಹೊಳಲಿನ ಒಬ್ಬ ತಾಯಿ, “ನನ್ ಮಗೀಗೆ ಗ್ಯಾನ ಕಮ್ಮಿ ಅಂತೀರಾ?” ಎಂದು ರೇಗಿದಳು. ಅದನ್ನು ‘ಜೋಮು ಹಿಡಿಯುತ್ತದೆಯೇ’ ಎಂದು ತಿದ್ದಿದೆ. ಉತ್ತರಕ್ಕೆ ಕೊಟ್ಟ ಆಯ್ಕೆಗಳಲ್ಲಿ ‘ಕೆಲವೊಮ್ಮೆ’, ‘ಆಗಾಗ’ ಎರಡಕ್ಕೂ ಏನು ವ್ಯತ್ಯಾಸವೆಂದು ವಿವರಿಸಿ ವಿವರಿಸಿ ನನಗೇ ಗೊತ್ತಾಗದಂತಾಯಿತು.

ಕೊತ್ತತ್ತಿಯ ಒಬ್ಬ ಹುಡುಗಿಗೆ ಒಂಬತ್ತು ವರ್ಷ. ಬಲಗೈ ಮೊಣಕೈಯಲ್ಲಿ ಮಡಚಿಕೊಂಡೇ ಇರುತ್ತಿತ್ತು. ಚೂಟಿ ಮಗು. ಗುಂಡಿ ಹಾಕ್ಕೋತೀಯಾ? ಹೂಂ. ಜಡೆ? “ಅಮ್ಮ ಹಾಕ್ತದೆ.” ಮೂಲದಲ್ಲಿ ಚಾಕು, ಫೋರ್ಕು ಹಿಡಿದು ಊಟ ಮಾಡುವ ಪ್ರಶ್ನೆಯಿತ್ತು; ನಾನು ‘ನೀನೇ ಊಟ ಮಾಡ್ತೀಯಾ’ ಎಂದಷ್ಟೇ ಕೇಳಿದೆ. “ಒಬ್ಳೇ ಉಣ್ತೀನಿ” ಅಂದಳು. ‘ತೊಂದರೆ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

“ಉಂಡ್ಕೊಂಡೇ ಓಗ್ಬೇಕು ಕಣಮ್ಮ” ಎಂದು ಅವಳ ಅಜ್ಜಿ ಮುದ್ದೆ, ಸಾರು ಬಡಿಸಿದರು. ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ಒಳಕ್ಕೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು.

“ಅವ್ಳು ಅಂಗೇಯ, ಬುಡಿ. ಮದ್ವೆ ಊಟಕ್ಕೂ ಬರಾಕಿಲ್ಲ” ಅಂದರು ಅಜ್ಜಿ.

ಕೈ ತೊಳೆಯುವಾಗ, ಒಳಗೆ ಹೋಗಿ ಯಾಕೆ ಕೂತೆಯೆಂದು ಅವಳನ್ನೇ ಕೇಳಿದೆ. “ಎಡಗೈಲಿ ಉಣ್ತೀನಲ್ಲ, ಅದ್ಕೆ.”

“ಯಾರಾದ್ರೂ ಬೈತಾರಾ?”

“ಯಾರೂ ಏನೂ ಅನ್ನಲ್ಲ. ನೋಡ್ತರೆ.”

ಆಗಲೇ ಹಾಕಿದ್ದ ಗುರುತನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಉಣ್ಣುವುದರಲ್ಲಿ ಅವಳಿಗೆ ತೊಂದರೆ ಇರಲಿಲ್ಲ, ಅದೇನೂ ಸುಳ್ಳಲ್ಲ.

ಮಾರನೆಯ ದಿನ ಈ ಕೆಲಸದ ಮೇಲ್ವಿಚಾರಣೆಯ ಡಾಕ್ಟರಿಗೆ ಫೋನ್ ಮಾಡಿ, ನಾಲ್ಕು ಜನರ ಜೊತೆ ಕೂತು ಉಣ್ಣುವುದರ ಬಗ್ಗೆ ಒಂದು ಪ್ರಶ್ನೆ ಸೇರಿಸೋಣವೆಂದೆ.

“ಉದಾಹರಣೆ ಬದಲಾಯಿಸಬಹುದಮ್ಮ, ಹೊಸ ಪ್ರಶ್ನೆ ಸೇರಿಸೋ ಹಾಗಿಲ್ಲ. ಬೇರೆ ಭಾಷೆಯ ಮಕ್ಕಳ ಉತ್ತರದ ಜೊತೆ ಹೋಲಿಸೋದು ಹೇಗೆ?”

ಅವರ ಮಾತು ಸರಿಯೇ. ಜಗಳವಾಡುವಂತಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ. ಕೊನೆಗೆ, ಲೆಕ್ಕಕ್ಕೆ ಸೇರದ ಎರಡು ಖಾಲಿ ಗೆರೆಗಳನ್ನು ಪುಟದ ತಳದಲ್ಲಿ ಬಿಡಲು ಒಪ್ಪಿದರು: ‘ಇನ್ನೇನಾದರೂ ಹೇಳುವುದಿದೆಯೇ?’

ಹೆಚ್ಚಿನವರು ಅದನ್ನು ಹಾಗೇ ಬಿಟ್ಟರು. ಮಳವಳ್ಳಿಯಲ್ಲಂತೂ ಒಬ್ಬರೂ ಬರೆಯಲಿಲ್ಲ. ಮದ್ದೂರಿನಲ್ಲಿ ಮಾತ್ರ, ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುವ ಒಬ್ಬ ತಂದೆ ಆ ಗೆರೆಗಳನ್ನು ಬಹಳ ಹೊತ್ತು ನೋಡಿದ.

“ಇಲ್ಲಿ ಏನ್ ಬೇಕಾದ್ರೂ ಬರೀಬೌದಾ ಮೇಡಂ?”

“ಬರೀರಿ.”

ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದುಕೊಟ್ಟ. ‘ನನ್ ಮಗಳ ಕೈ ವಾಸಿ ಆಯ್ತದಾ?’

“ಪೂರ್ತಿ ಆಗಲ್ಲ. ವ್ಯಾಯಾಮ ಬಿಡದೆ ಮಾಡಿಸಿದರೆ ಇನ್ನೊಂಚೂರು ಮೇಲಕ್ಕೆ ಎತ್ತಬಹುದು” ಅಂದೆ.

ಆತ ತಲೆಯಾಡಿಸಿದ. ಶಿಫ್ಟಿಗೆ ಹೊತ್ತಾಗಿತ್ತು, ಬೈಕು ಹತ್ತಿ ಹೊರಟ. ನಾನು ಆ ಹಾಳೆಯನ್ನು ಉಳಿದವುಗಳ ಜೊತೆ ಸೇರಿಸಿ, ಬಸ್ ಸ್ಟ್ಯಾಂಡಿನ ಕಡೆ ನಡೆದೆ.