ಸಬ್ರಿಯ ಬೈಗುಳದ ಪಟ್ಟಿ

ಸಬ್ರಿ ಬಾಗ್ದಾದಿನ ಒಂದು ಪತ್ರಿಕೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು. ಯುದ್ಧ ಬಂದು ಪತ್ರಿಕೆ ಮುಚ್ಚಿತು, ತಿದ್ದುವ ಚಾಳಿ ಮಾತ್ರ ಉಳಿಯಿತು. ಅವನ ಬಾಯಿಂದ ಕೆಟ್ಟ ಮಾತು ಬಂದದ್ದನ್ನು ಹೆಂಡತಿ ಬುಸೈನಾ ಕೂಡ ಕೇಳಿರಲಿಲ್ಲ. ಅಂಥವನು ಆ ಚಳಿಗಾಲದಲ್ಲಿ ಇನ್ನೂರ ಹನ್ನೊಂದು ಬೈಗುಳಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ.

ಕಾರಣ ಮಗಳು ಶದಾ. ಅವಳು ನದಿಯಾಚೆಯ ಆಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿನ ನರ್ಸ್. ಅಲ್ಲಿಗೆ ಹೋಗಲು ಎರಡು ಸೇತುವೆಗಳು. ಯಾವ ಸೇತುವೆಯ ಬಳಿ ಬಂದೂಕಿನವರು ಸುಳ್ಳು ತಪಾಸಣೆ ಹಾಕಿ, ಗುರುತಿನ ಚೀಟಿಯ ಹೆಸರಿನಿಂದ ಪಂಗಡ ತಿಳಿದು ಜನರನ್ನು ಇಳಿಸಿಕೊಂಡು ಒಯ್ಯುತ್ತಾರೆಂಬುದು ದಿನಕ್ಕೊಂದು ಬಗೆ. ಅದನ್ನು ತಿಳಿಯಲೆಂದೇ ಸಬ್ರಿ 'ಅಬು ಶದಾ', ಅಂದರೆ ಶದಾಳ ಅಪ್ಪ, ಎಂಬ ಹೆಸರಿನಲ್ಲಿ ಒಂದು ಚಾಟ್ ಚಾನೆಲ್ ನಡೆಸುತ್ತಿದ್ದ. ಎರಡೂ ದಡದವರು ಬೆಳಿಗ್ಗೆ ಎದ್ದು ಕಿಟಕಿಯಿಂದ ಕಂಡದ್ದನ್ನು ಬರೆಯುತ್ತಿದ್ದರು. ಹಳೇ ಸೇತುವೆಯ ಮಗ್ಗುಲಲ್ಲೇ ಮನೆಯಿದ್ದ ಉಮ್ ಗಸ್ಸಾನ್ ಎಂಬ ವಿಧವೆ ಬರೆದ ಮೇಲೆಯೇ ಶದಾ ಚಪ್ಪಲಿ ಮೆಟ್ಟುತ್ತಿದ್ದದ್ದು.

ಚಾನೆಲಿಗೆ ಬೈಗುಳವೂ ಬಂತು. ಈ ಪಂಗಡದವರು ಆ ಪಂಗಡದವರನ್ನು ಹೀನಾಯವಾಗಿ ಕರೆದರು, ಅವರು ಇವರ ತಾಯಂದಿರನ್ನು ಬೈಗುಳಕ್ಕೆ ಎಳೆದರು. ದಾರಿಯ ಸುದ್ದಿ ಆ ಜಗಳದಡಿ ಹೂತುಹೋಗತೊಡಗಿತು. ಬೈಗುಳಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ಅವುಗಳಲ್ಲಿ ಒಂದು ಕಂಡ ಕೂಡಲೇ ಬರೆದವನನ್ನು ತಾನಾಗಿ ಹೊರಹಾಕುವ ಸ್ಕ್ರಿಪ್ಟನ್ನು, ಪುಟ್ಟ ಕಂಪ್ಯೂಟರ್ ಪ್ರೋಗ್ರಾಮನ್ನು, ಸಬ್ರಿ ಬರೆದ. ಹೊರಬಿದ್ದವನು ಅರ್ಧ ನಿಮಿಷದಲ್ಲಿ ಬೇರೆ ಹೆಸರಿಟ್ಟುಕೊಂಡು ಮರಳಿ ಬಂದ. ಆಗ ಸಬ್ರಿ ಹೆಸರಿನ ಗೊಡವೆ ಬಿಟ್ಟು, ಮಾತು ಬಂದ ಇಂಟರ್ನೆಟ್ ವಿಳಾಸವನ್ನೇ ಒಂದು ದಿನದ ಮಟ್ಟಿಗೆ ಮುಚ್ಚುವಂತೆ ತಿದ್ದಿದ.

ಪರೀಕ್ಷೆಗೆಂದು ಶದಾ ತನ್ನ ಲ್ಯಾಪ್‌ಟಾಪಿನಿಂದ ಒಂದು ಪದ ಟೈಪು ಮಾಡಿದಳು. ಸಬ್ರಿ ಕಣ್ಣು ಮುಚ್ಚಿಕೊಂಡ.

"ಇದನ್ನೆಲ್ಲಿ ಕಲಿತ್ಯೇ?"

"ವಾರ್ಡಲ್ಲಿ, ಬಾಬಾ. ನೋವು ಬಂದಾಗ ಹೆಂಗಸ್ರು ಗಂಡಂದಿರಿಗೆ ಇಡೋ ಹೆಸ್ರು ನಿಮ್ಮ ಪುಸ್ತಕದಲ್ಲಿ ಅರ್ಧಾನೂ ಇಲ್ಲ!"

ಅವಳು ಚಾನೆಲಿನಿಂದ ಹೊರಬಿದ್ದಳು. ಜೊತೆಗೆ ಸಬ್ರಿಯೂ ಹೊರಬಿದ್ದ, ಯಾಕೆಂದರೆ ಮನೆಗೆಲ್ಲ ಒಂದೇ ವಿಳಾಸ.

"ಅಮ್ಮಾ, ಬಾ ನೋಡು! ಯಜಮಾನ್ರನ್ನೇ ಬೀದಿಗೆ ಹಾಕ್ತು ಇವ್ರ ಯಂತ್ರ!"

ಸಬ್ರಿಯೂ ನಕ್ಕ. ತನ್ನ ಮನೆಗೆ ಮಾತ್ರ ವಿನಾಯಿತಿ ಬರೆದುಕೊಂಡ. ಅಲ್ಲಿಂದಾಚೆಗೆ ಯೋಚಿಸಲಿಲ್ಲ.

ಒಂಬತ್ತು ದಿನ ಚಾನೆಲ್ ಒರೆಸಿಟ್ಟ ತಟ್ಟೆಯಂತಿತ್ತು. ಹತ್ತನೆಯ ಬೆಳಿಗ್ಗೆ ಏಳಕ್ಕೆ, ಹಳೇ ಸೇತುವೆ ದಾಟಿ ಆಸ್ಪತ್ರೆ ಕಡೆ ಹೋಗುವ ಬಿಳಿ ಮಿನಿಬಸ್ಸು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆಯಿತು.

"ಬಾಬಾ, ಉಮ್ ಗಸ್ಸಾನ್ ಏನೂ ಬರ್ದಿಲ್ವಲ್ಲ?"

"ದಾರಿ ಸರಿಯಿದ್ರೆ ಏನಂತ ಬರೀತಾರೆ? ಆ ಕಡೆಯಿಂದ ಯಾರದ್ದೂ ಗಲಾಟೆಯಿಲ್ಲ. ಹಳೇ ಸೇತುವೇಲೇ ಹೋಗು, ಮಗಳೇ."

ಕೆನೆ ಹಚ್ಚಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಶದಾ ಓಡಿದಳು.

ಹತ್ತು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು: ಶದಾ ಇವತ್ತು ರಜೆಯೇ?

ಸಬ್ರಿ ಸ್ಕ್ರಿಪ್ಟಿನ ದಾಖಲೆ ತೆರೆದ. ಆರು ಗಂಟೆ ಹತ್ತು ನಿಮಿಷಕ್ಕೆ ಸೇತುವೆ ಪಕ್ಕದ ಬೀದಿಯಿಂದ ಯಾವನೋ ಒಂದೇ ಒಂದು ಪದ ಬೈದಿದ್ದ. ವಿಳಾಸ ಮುಚ್ಚಿತ್ತು. ಆ ಬೀದಿಯ ನಲವತ್ತು ಮನೆಗಳಿಗೂ ಒಂದೇ ಮಹಡಿಯ ಮೇಲಿನ ಇಂಟರ್ನೆಟ್ ಡಿಶ್‌ನಿಂದ ತಂತಿ ಎಳೆದಿತ್ತು; ನಲವತ್ತಕ್ಕೂ ಅದೊಂದೇ ವಿಳಾಸ. ಬಾಗ್ದಾದಿನಲ್ಲಿ ಯಾವ ಬೀದಿಯಲ್ಲಿ ಹಾಗಿರಲಿಲ್ಲ? ಸಬ್ರಿಯ ಬೀದಿಯಲ್ಲೂ ಹಾಗೆಯೇ ಇತ್ತು; ತನ್ನ ಮನೆಯದೆಂದು ಅವನು ವಿನಾಯಿತಿ ಕೊಟ್ಟಿದ್ದ ವಿಳಾಸ ಇಡೀ ಬೀದಿಯದಾಗಿತ್ತು. ಆರೂವರೆಯಿಂದ ಏಳರವರೆಗೆ ಒಂದೇ ಹೆಸರು ಹನ್ನೊಂದು ಸಲ ಒಳಬರಲು ನೋಡಿತ್ತು: ಉಮ್ ಗಸ್ಸಾನ್. ಏನು ಹೇಳಬೇಕಿತ್ತೆಂಬುದು ದಾಖಲೆಯಲ್ಲಿ ಇರಲಿಲ್ಲ.

ಅವನು ಕೈಯಾರೆ ಆ ವಿಳಾಸ ತೆರೆದ. ಉಮ್ ಗಸ್ಸಾನ್ ಬರೆದಳು: "ಅಬು ಶದಾ, ಬಾಗ್ಲು ಯಾಕೆ ಹಾಕಿದ್ರಿ? ಬಂದೂಕಿನೋರು ಆರೂವರೆಯಿಂದ ಸೇತುವೆ ಹತ್ರ ನಿಂತಿದ್ರು. ಏಳೂಕಾಲಿಗೆ ಬಿಳಿ ಬಸ್ಸಿಂದ ಎಲ್ರನ್ನೂ ಇಳಿಸ್ಕೊಂಡ್ರು. ಅದ್ರಲ್ಲಿ ನಿಮ್ಮೋರು ಯಾರೂ ಇರ್ಲಿಲ್ಲ ತಾನೇ?"

ಸಬ್ರಿ ಶವಾಗಾರಕ್ಕೆ ಏಳು ಸಲ ಹೋಗಿಬಂದ. ಶದಾ ಅಲ್ಲಿರಲಿಲ್ಲ, ಎಲ್ಲಿಯೂ ಇರಲಿಲ್ಲ.

ಸ್ಕ್ರಿಪ್ಟನ್ನು ಅವನು ಅಳಿಸಿಹಾಕಿದ. ಈಗ ಚಾನೆಲಿನಲ್ಲಿ ಬೆಳಗಿನಿಂದ ಹೊಲಸು. ಪತ್ರಿಕೆಯಲ್ಲಿ ಕರಡು ಓದುತ್ತಿದ್ದಂತೆ, ಸಬ್ರಿ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದುತ್ತಾನೆ.

"ಈ ಕೊಳಕನ್ನೆಲ್ಲ ಯಾಕೆ ಓದ್ತೀರಿ?" ಎಂದಳು ಬುಸೈನಾ.

"ಬಸ್ಸಲ್ಲಿದ್ದೋರನ್ನ ಎಲ್ಲಿಗೆ ಒಯ್ದ್ರು ಅಂತ ಗೊತ್ತಿರೋನು ಬೈಕೊಂಡೇ ಹೇಳ್ತಾನೆ. ಒಂದನ್ನೂ ಬಿಡೋ ಹಾಗಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ತಾನೂ ಓದತೊಡಗಿದಳು.